ಬಾವನ್ನ ಕೆಜಿ

ರಾತ್ರಿ ಒಂದೂ ಇಪ್ಪತ್ತು. ಕಲ್ಯಾಣದ ಕಡೆಯ ಲೋಕಲ್ ದಾಟಿತು.
ತಲೆಯ ಮೇಲಿನ ತಂತಿಯಲ್ಲಿ ಕರೆಂಟಿಲ್ಲ.
ಕುರ್ಲಾ ಕಾರ್‌ಶೆಡ್ಡಿಗೆ ಹೊರಳುವ ಈ ತಿರುವು
ನಾಲ್ಕರವರೆಗೆ ನಮ್ಮದು, ಹದಿನೆಂಟು ಜನರದು.

ಭೀಮಶಾ ಕಾಕಾ ಟಾರ್ಚು ಹಚ್ಚಲಿಲ್ಲ.
ಮಂಡಿಯೂರಿ, ರೈಲಿನ ನಡುವಿಗೆ ಬೆರಳಿಟ್ಟು
ಉಬ್ಬಿದ ಅಕ್ಷರ ಸವರಿದ,
ಆಕಳ ಮೈಯ ಉಣ್ಣೆ ಹುಡುಕುವ ಹಾಗೆ.
"ಐದು, ಎರಡು. ಬಾವನ್ನ ಕೆಜಿ ಮಾಲು ತಂಗಿ, ಭಿಲಾಯಿದು."
ಶಾಲೆಯ ಮೆಟ್ಟಿಲು ಹತ್ತಿದವನಲ್ಲ.
ಇಂಗ್ಲಿಷಿನಲ್ಲಿ ಅವನಿಗೆ ಬರುವುದು
ರೈಲಿನ ಮೇಲೆ ಇರುವಷ್ಟೇ.

ಮೀಟರಿಗೆ ಐವತ್ತೆರಡು ಕೆಜಿ ತೂಗುವ ಉಕ್ಕು.
ಹೋದ ತಿಂಗಳು ದಾದರಿನ ಪಾರ್ಸೆಲ್ ಆಫೀಸಿನಲ್ಲಿ
ದಿಘೆ, ತಕ್ಕಡಿಯಿಂದ ಮೀನಿನ ಬುಟ್ಟಿ ಇಳಿಸಿ ಇವನನ್ನು ಹತ್ತಿಸಿದ್ದ.
ಮುಳ್ಳು ಸರಿಯಾಗಿ ಅಲ್ಲೇ ನಿಂತಿತು.
ಅಂದಿನಿಂದ ಗ್ಯಾಂಗಿನಲ್ಲಿ ಅವನ ಹೆಸರೇ ಅದು.

ಹೊಸದು ಅರವತ್ತರದು. ಹದಿನಾರು ಮಿಲಿಮೀಟರು ಹೆಚ್ಚು ಎತ್ತರ,
ಮೈತುಂಬ ತುಕ್ಕು, ಇನ್ನೂ ಗಾಲಿ ಕಂಡಿಲ್ಲ.
ಹಳೆಯದರ ತಲೆ ಹೊಳೆಯುತ್ತಿದೆ, ಕೆನ್ನೆ ಸವೆದಿದೆ.
ತಿರುವಿನಲ್ಲಿ ಹೊರಗಿನ ರೈಲಿಗೆ ಇದೇ ಗತಿ:
ಪ್ರತಿ ಗಾಲಿಯೂ ಅದಕ್ಕೆ ಮೈ ಉಜ್ಜಿಯೇ ಹೊರಳಬೇಕು.
ಸಾಹೇಬರ ಪುಸ್ತಕದಲ್ಲಿ ರೈಲಿಗೆ ವಯಸ್ಸಿಲ್ಲ,
ಮೇಲೆ ಹಾದುಹೋದ ಟನ್ನುಗಳಿವೆ.
ಕಾಕಾನ ಕಾಗದದಲ್ಲಿ ಬರೀ ವಯಸ್ಸು.
ಈ ಮೂವತ್ತೊಂದಕ್ಕೆ ರಿಟೈರು.

ಎರಡೂ ಕೂಡುವಲ್ಲಿ ಅಚ್ಚು ಕಟ್ಟಿ ಮೂಸೆ ಇಟ್ಟೆವು.
ಮದ್ದು ಹೊತ್ತಿತು. ಕುರ್ಲಾಕ್ಕೆ ಅರ್ಧ ನಿಮಿಷ ಹಗಲು.
ಗೋಡೆಯಾಚೆ ಝೋಪಡಿಯಲ್ಲಿ ಒಂದು ಮಗು ಎದ್ದು ಅತ್ತಿತು,
ಯಾರೋ ಬೈದರು, ಮರಾಠಿಯಲ್ಲಿ, ನಿದ್ದೆಗಣ್ಣಲ್ಲಿ.
ಆರಿದ ಮೇಲೆ ಉಜ್ಜಿ, ಅಳತೆಪಟ್ಟಿ ಇಟ್ಟು ನೋಡಿದರೆ
ತಲೆಗೆ ತಲೆ ಸಮ.
ಮೆಟ್ಟಿಲು ಇರುವುದು ಕೆಳಗೆ, ಪಾದದಲ್ಲಿ.
"ಮ್ಯಾಲ ಗಾಡಿಗಿ ಗೊತ್ತಾಗಬಾರದು ನೋಡು,
ಕೆಳಗ ಏನರ ಇರಲಿ."

ಕತ್ತರಿಸಿ ಹಾಕಿದ್ದರಲ್ಲಿ ಅಂಗೈಯಗಲ ತುಂಡು ಕೇಳಿದ.
ಗುಜರಿಗೂ ಲೆಕ್ಕ ಇದೆ, ಅಂದರು ಜೆಇ, ಮುಖ ನೋಡದೆ.
ನಾನು ಹಾಜರಿಪಟ್ಟಿಯ ಖಾಲಿ ಹಾಳೆ ಹರಿದು
ಅಕ್ಷರಗಳ ಮೇಲಿಟ್ಟು ಪೆನ್ಸಿಲು ಆಡಿಸಿದೆ.
ಊರು ಮೂಡಿತು, ತೂಕ ಮೂಡಿತು, ತಿಂಗಳು ಮೂಡಿತು.
ಇಸವಿಯ ಕಡೆಯ ಅಂಕಿ ಮಾತ್ರ ತುಕ್ಕು ತಿಂದು
ಮೂರೋ ಎಂಟೋ ತಿಳಿಯಲಿಲ್ಲ.

ಆಗಲೇ ಸಾಯನ್ ಕಡೆಯಿಂದ ಹಾರ್ನು. ಬದಿಗೆ ಸರಿದೆವು.
"ಎಂಟು ಅಂತ ಬರಕೋ," ಅಂದ ಕಾಕಾ, ಹಾಳೆ ಇಸಿದುಕೊಳ್ಳುತ್ತ.
"ಐದು ವರ್ಷ ಉಳಿದಂಗ ಆತು."