ಒಂದೇ ಕಿವಿಗೆ

ಕಲೀನಾ ಎಂದು ಅವಳ ಎದೆಯ ಪಟ್ಟಿಯ ಮೇಲೆ ಬರೆದಿದೆ.
ಒಳ್ಳೆಯ ಹುಡುಗಿ. ಬಲಗಡೆ ನಿಂತು ಮಾತಾಡಮ್ಮ
ಎಂದು ಒಮ್ಮೆ ಹೇಳಿದ್ದು ಸಾಕಾಯಿತು.

ಗಾಜಿನ ಕೆಳಗೆ ಒಂಬತ್ತು ಪ್ಲೇಯರು,
ಬಳಸದ ಸೋಪಿನ ಬಿಲ್ಲೆಗಳ ಹಾಗೆ ನುಣ್ಣಗೆ.
ಇದರಲ್ಲಿ ನಲವತ್ತು ಸಾವಿರ ಹಾಡು ಹಿಡಿಯುತ್ತದೆ, ಅನ್ನುತ್ತಾಳೆ.
ನನ್ನಲ್ಲಿರುವುದು ಹನ್ನೊಂದು.
ಇದು ಬಾವಲಿಗೆ ಕೇಳುವುದನ್ನೂ ನುಡಿಸುತ್ತದೆ, ಅನ್ನುತ್ತಾಳೆ.
ಸಂತೋಷ, ಬಾವಲಿಗೆ ಮಾರು.

ನನಗೆ ಗುಂಡಿಗಳು ಬೇಕು.
ಒತ್ತಿದರೆ ಒತ್ತಿದೆ ಎಂದು ಬೆರಳಿಗೆ ತಿಳಿಯಬೇಕು.
ಈ ಬೆರಳುಗಳು ಮೂವತ್ತೊಂದು ವರ್ಷ
ಗ್ದಾನ್ಸ್ಕಿನ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕಿದವು;
ಗಾಜಿನ ಪರದೆಗೆ ಇವು ಬೆರಳೇ ಅಲ್ಲ,
ಎಷ್ಟು ಸವರಿದರೂ ಅದು ಏಳುವುದಿಲ್ಲ.
ಕೋಟಿನ ಒಳಜೇಬಿಗೆ ಹೋಗಬೇಕು, ಕನ್ನಡಕದ ಪಕ್ಕ.
ತಂತಿ ಇರಲಿ. ತಂತಿಯಿಲ್ಲದ್ದನ್ನು ಎರಡು ಸಲ ಕಳೆದಿದ್ದೇನೆ,
ಒಂದು ಟ್ರಾಮಿನಲ್ಲಿ, ಒಂದು ಸೂಪಿನಲ್ಲಿ.

ಬಣ್ಣ? ಯಾವುದಾದರೂ.

ಆಮೇಲೆ ಇನ್ನೊಂದು. ಹೇಗೆ ಕೇಳುವುದೆಂದು
ಮನೆಯಿಂದ ಬರುವಾಗಲೇ ಬಾಯಿಪಾಠ ಮಾಡಿಕೊಂಡಿದ್ದೆ:
ಎರಡು ಕಿವಿಗೆ ಹೋಗುವುದನ್ನು
ಒಂದೇ ಕಿವಿಗೆ ಸುರಿಯಲು ಬರುತ್ತದೆಯೇ?

ಅವಳು ನಗಲಿಲ್ಲ.

ನೋಡಮ್ಮ, ಎಡಗಿವಿ ಹಡಗುಗಳ ಹೊಟ್ಟೆಯೊಳಗೇ ಉಳಿಯಿತು,
ಸುತ್ತಿಗೆಯವರ ಪಾಲಿಗೆ.
ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವ
ಸೌಕರ್ಯ ನನಗಿಲ್ಲ.
ಒಳಗೆ ಬಂದದ್ದು ಒಳಗೇ ಕೂತಿರುತ್ತದೆ.

ಕಾರ್ತೂಝಿಯ ಒಂದು ಮದುವೆ. ಚಿಕ್ಕಪ್ಪನ ಮಗ
ಹೊಸ ರೆಕಾರ್ಡರು ತಂದಿದ್ದ, ಎರಡು ಮೈಕು.
ಒಂದನ್ನು ಅಣ್ಣನ ಅಕಾರ್ಡಿಯನ್ನಿನ ಮುಂದಿಟ್ಟ,
ಇನ್ನೊಂದನ್ನು ನನ್ನ ಡ್ರಮ್ಮಿಗೆ.
ಎಡಕ್ಕೆ ಅಲೋಯ್ಝಿ, ಬಲಕ್ಕೆ ನಾನು.
ಏಳನೆಯ ಹಾಡು, ಪೋಲ್ಕಾ; ಮೂರನೆಯ ಸುತ್ತಿನಲ್ಲಿ ತಾಳ ತಪ್ಪಿ
ಮದುಮಗನ ಸೋದರಮಾವ ಕೇಕಿನ ಮೇಜಿಗೇ ಬಿದ್ದ.

ನೀನು ಓಡಿದೆ, ಅಂದ ಅಣ್ಣ.
ನೀನು ಎಳೆದೆ, ಅಂದೆ ನಾನು.
ಇಷ್ಟೇ. ಇಷ್ಟಕ್ಕೇ
ನಾವು ಮತ್ತೆ ಜೊತೆಗೆ ನುಡಿಸಲಿಲ್ಲ.
ಹಬ್ಬಕ್ಕೆ ಅವನ ಮನೆಯಲ್ಲಿ ಹೆರ್ರಿಂಗ್ ಮೀನು ತಿಂದೆ,
ಹವೆಯ ಬಗ್ಗೆ ಮಾತಾಡಿದೆ.
ಹೋದ ಮಾರ್ಚಿಗೆ ಅವನೂ ಹೋದ.

ಈಗ ಅವನ ಮಗಳು ಆ ಕ್ಯಾಸೆಟ್ಟನ್ನು ಕಡ್ಡಿಯಷ್ಟು ಮಾಡಿ ಕೊಟ್ಟಿದ್ದಾಳೆ.
ಹಾಕಿದರೆ ಬರೀ ನಾನು, ಡಬ ಡಬ ಡಬ.
ಎಡದ್ದನ್ನು ಬಲಕ್ಕೆ ಸಿಕ್ಕಿಸಿದರೆ ಬರೀ ಅವನು.
ಒಮ್ಮೆ ಅವನು, ಒಮ್ಮೆ ನಾನು,
ಇಬ್ಬರೂ ತಮ್ಮ ತಮ್ಮಷ್ಟಕ್ಕೆ ಸರಿಯಾಗಿಯೇ ಇದ್ದೇವೆ.
ಸ್ಪೀಕರಿನಲ್ಲಿ ಹಾಕೋಣವೆಂದರೆ, ನನಗೆ ಕೇಳುವಷ್ಟು ಜೋರು ಮಾಡಿದರೆ
ಮೇಲಿನ ಮನೆಯಾಕೆ ಕಸಬರಿಕೆಯಿಂದ ನೆಲ ಕುಟ್ಟುತ್ತಾಳೆ,
ಅವಳದು ಮೂರನೆಯ ತಾಳ.

ಇದಿಷ್ಟನ್ನೂ ಕಲೀನಾಳಿಗೆ ಹೇಳಲಿಲ್ಲ,
ಕಿವಿಯದ್ದು ಮಾತ್ರ ಹೇಳಿದೆ.
ಅವಳು ಗಾಜಿನ ಕಪಾಟು ಬಿಟ್ಟು ಕೆಳಗಿನ ಡ್ರಾಯರು ಎಳೆದು
ಮೂಲೆ ನೆಗ್ಗಿದ ಹಳೆಯದೊಂದನ್ನು ತೆಗೆದಳು.
ಗುಂಡಿಗಳಿದ್ದವು. ಒಂದು ಬದಿಗೆ ಉಗುರಿನಷ್ಟು ಸ್ವಿಚ್ಚು.
ಇದನ್ನು ಹೀಗೆ ತಳ್ಳಿದರೆ ಎರಡೂ ಒಂದಾಗುತ್ತದೆ, ಅಂದಳು.
ಎಂಬತ್ತು ಝ್ಲೋಟಿ. ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ಟ್ರಾಮಿನ ನಿಲ್ದಾಣ. ಬೆಂಚಿನ ಮೇಲೆ ಹಿಮ, ನಿಂತೇ ಇದ್ದೇನೆ.
ಸ್ವಿಚ್ಚು ತಳ್ಳುತ್ತೇನೆ. ಏಳನೆಯದು.
ಮೊದಲ ಸುತ್ತು, ಎಂಥ ಜೋಡಿ ನಾವು!
ಎರಡನೆಯದು. ಯಾರೋ ಶಿಳ್ಳೆ ಹೊಡೆಯುತ್ತಾರೆ.
ಮೂರನೆಯದರಲ್ಲಿ ಡ್ರಮ್ಮು,
ಕುಡಿದವನು ಇಳಿಜಾರು ಕಂಡ ಹಾಗೆ,
ಓಡುತ್ತದೆ.
ಅಕಾರ್ಡಿಯನ್ ಒಂದು ಉಸಿರು ತಡೆಯುತ್ತದೆ.
ಆಮೇಲೆ ಎರಡು ಸ್ವರ ನುಂಗಿಕೊಂಡು
ಹಿಂದೆಯೇ ಓಡಿಬಂದು ನನ್ನ ಪಕ್ಕಕ್ಕೆ ಸೇರುತ್ತದೆ.

ಆರನೆಯ ನಂಬರಿನ ಟ್ರಾಮು ಬಂತು, ಬಾಗಿಲು ತೆರೆಯಿತು, ಮುಚ್ಚಿತು.
ಗುಂಡಿ ಒತ್ತಿ ಹಿಂದಕ್ಕೆ ಹೋಗುತ್ತೇನೆ,
ಕೈಗವಸು ತೆಗೆಯದೆಯೇ. ಬೆರಳಿಗೆ ತಿಳಿಯುತ್ತದೆ.
ಮತ್ತೆ ಓಡುತ್ತೇನೆ. ಮತ್ತೆ ಅವನು ಬಂದು ಸೇರುತ್ತಾನೆ.

ಜೇಬಿನಲ್ಲಿ ಬಿಲ್ಲು ಇದೆ.
ಹಿಡಿಸದಿದ್ದರೆ ಹದಿನಾಲ್ಕು ದಿನದೊಳಗೆ
ವಾಪಸು ತನ್ನಿ, ಅಂದಿದ್ದಳು ಹುಡುಗಿ.