ಹದಿನಾಲ್ಕನೆಯ ಚಿತ್ರ

ಕಿಟಕಿಗೆ ಮೂರು ಸೆಕೆಂಡು. ಕಬ್ಬಿನ ಜಲ್ಲೆಗೆ ಮೂರು.
ಅಚ್ಚಿನಿಂದ ಆಗಷ್ಟೇ ಕಳಚಿದ ಬೆಲ್ಲ
ಇನ್ನೂ ಬೆಚ್ಚಗಿತ್ತು, ಅದಕ್ಕೆ ನಾಲ್ಕು ಕೊಟ್ಟೆ.
ರಾತ್ರಿ ಅಡುಗೆಮನೆ ಕಟ್ಟೆಗೆ ಫೋನು ಒರಗಿಸಿ
ಪಟ ಒಂದಾದಮೇಲೊಂದು ಜಾರುತ್ತಿರಲು
ಅದರದರ ಹೆಸರು ಹೇಳುತ್ತ ಹೋದೆ,
ವಾರ್ತೆ ಓದುವವಳ ಹಾಗೆ ಗಂಟಲು ಸರಿಮಾಡಿಕೊಂಡು.
ಹಿಂದೆ ಒಲೆಯ ಮೇಲೆ ನಾಳೆಯ ಬಸ್ಸಾರಿಗೆ ಹುರುಳಿಕಾಳು.
'ಕಿಟಕಿ' ಅನ್ನುವಾಗ ಕುಕ್ಕರು ಕೂಗಿತು.
ಅದನ್ನು ಅಳಿಸುವುದು ಹೇಗೋ ತಿಳಿಯಲಿಲ್ಲ, ಬಿಟ್ಟೆ.

ನಾಲೆ ದಡದ ನಮ್ಮ ಶಾಲೆಯಲ್ಲಿ
ಟೀವಿಗೆ ಬಿಸಿಲು ಬಡಿಯದಂತೆ
ಗೊಬ್ಬರದ ಚೀಲ ಹೊಲಿದು ಪರದೆ ಕಟ್ಟಿದ್ದೇವೆ.
ಎದುರಿಗೆ ಆಲೆಮನೆಯ ಮಕ್ಕಳು ಏಳು ಮಂದಿ,
ಅಪ್ಪಂದಿರು ಮುಜಫರ್‌ನಗರದ ಕಡೆಯವರು,
ಪಾಂಡವಪುರದ ಸುತ್ತ ಕೊಪ್ಪರಿಗೆ ಕಾಯಿಸಲು ಬಂದವರು.
ತಲೆಯಲ್ಲಿ ಸಿಪ್ಪೆಯ ಬೂದಿ, ಮೊಣಕೈವರೆಗೆ ಅಂಟು.
ಒಂದೇ ಸಲಕ್ಕೆ ಕಲಿತುಬಿಟ್ಟರು:
'ಕಿಟಕಿ-ಶ್ಶುಯ್!'
ಈಗ ಊರಲ್ಲಿ ಯಾರ ಮನೆ ಕುಕ್ಕರು ಕೂಗಿದರೂ
ಸುಖಬೀರ ಎದ್ದು ಕಿಟಕಿ ಹುಡುಕುತ್ತಾನೆ.

ಪೇಚಾದದ್ದು ಹದಿನಾಲ್ಕನೆಯ ಚಿತ್ರದಲ್ಲಿ.
ಸ್ಟೀಲು ಲೋಟ, ಅಂಚಿನ ತನಕ ಬಿಳುಪು.
ನನ್ನ ದನಿ: 'ಹಾಲು.'
ಅದೇ ಹೊತ್ತಿಗೆ ಬಿಸಿಯೂಟದ ಚಿಕ್ಕತಾಯಮ್ಮ
ಬಕೀಟು ತಂದು ಕುಕ್ಕಿ
'ಬನ್ರಪ್ಪೋ, ಆಲು ಕುಡೀರಿ' ಅಂದಳು.
ರಜ್ಜೋ ಬಗ್ಗಿ ಬಕೀಟು ನೋಡಿದಳು,
ಟೀವಿ ನೋಡಿದಳು, ನನ್ನನ್ನು ನೋಡಿದಳು.
ಅವಳ ಸೀಮೆಯಲ್ಲಿ ಆಲೂ ಅಂದರೆ ಗೆಡ್ಡೆ.
ಸೌಟು ಹಾಕಿ ಕಲಕಿದರೂ ಒಂದೂ ಸಿಗಲಿಲ್ಲ.

ನಕ್ಕೆವು. ಯಾಕೆಂದು ತಿಳಿಯದೆ ಚಿಕ್ಕತಾಯಮ್ಮನೂ.
'ಅಲ್ಲ ರಜ್ಜೋ, ಹ, ಹ,
ಅಂಗೈ ಬಾಯ ಮುಂದೆ ಹಿಡಿ, ಉಸಿರು ತಾಗಬೇಕು'
ಅಂದವಳು ನನ್ನ ಕೈಯನ್ನೇ ಹಿಡಿದುಕೊಂಡೆ.

ಇದೇ ಕೈ.
ಮೈಸೂರಿನ ಹಾಸ್ಟೆಲಿಗೆ ಸೇರಿದ ವರ್ಷ
'ಅಸು ಉಲ್ಲು ಮೇಯ್ತು' ಎಂದು ಓದಿದ್ದಕ್ಕೆ
ಬೆಂಚು ಬೆಂಚೇ ನಕ್ಕು,
ಮೇಷ್ಟ್ರು ಇದೇ ಅಂಗೈಗೆ ಐವತ್ತು ಸಲ
ಹಕಾರ ಊದಿಸಿದ್ದರು.
ರಜೆಗೆ ಊರಿಗೆ ಬಂದವಳೇ ಅವ್ವನನ್ನು ತಿದ್ದಿದೆ:
'ಆಲಲ್ಲ ಕಣವ್ವ, ಹಾಲು.'
ಅವ್ವ ಕೆಚ್ಚಲಿನಿಂದ ಕೈ ತೆಗೆಯದೆ
'ಎಮ್ಮೆಗೇಳೋಗು, ಕೊಡಾದು ಅದು' ಅಂದಿದ್ದಳು.

ಮಾರನೆಯ ದಿನ ಹದಿನಾಲ್ಕನೆಯ ಚಿತ್ರಕ್ಕೆ ಒಂಬತ್ತು ಸೆಕೆಂಡು.
ನಾನು: ಹಾಲು.
ಚಿಕ್ಕತಾಯಮ್ಮ ಸೆರಗು ಹೊದ್ದು,
ಫೋನಿಗೆ ಕಿವಿ ಮಂದವೇನೋ ಎಂಬಂತೆ ಕೂಗಿ: ಆಲು!
ಗೋಡೆ ಕಡೆ ತಿರುಗಿಕೊಂಡು ರಜ್ಜೋ: ದೂಧ್.
ತಪಾಸಣೆಗೆ ಬಂದ ಸಾಹೇಬರು ಎರಡು ಸಲ ನೋಡಿ
'ಇದರಲ್ಲಿ ಸರಿ ಯಾವುದು ಮೇಡಂ?' ಎಂದರು.
'ಕೆನೆ ಕಟ್ಟುತ್ತೆ, ಕುಡಿದುಬಿಡಿ ಸಾರ್' ಎಂದೆ.

ಪಟಕ್ಕೆ ಸಿಗದ ಮಾತುಗಳೂ ಇದ್ದವು.
'ಪರವಾಗಿಲ್ಲ'ಕ್ಕೆ ಏನು ತೋರಿಸಲಿ?
ಹೋಗುವವರು ಬರ್ತೀನಿ ಅನ್ನುವುದನ್ನು
ಬಾಗಿಲ ಪಟ ಇಟ್ಟು ಹೇಳಿಕೊಟ್ಟೆ, ತಲೆಗೆ ಹತ್ತಲಿಲ್ಲ.
ಹೋಗುವುದೋ ಬರುವುದೋ, ಒಂದು ಹೇಳಿ
ಅನ್ನುವಂತೆ ಕಣ್ಣು ಬಿಟ್ಟರು.

ಮೇ ತಿಂಗಳಲ್ಲಿ ಒಲೆ ಆರಿತು, ಲಾರಿ ಬಂತು.
ಚಾಪೆ, ಮಂಚ, ಮೂಗುದಾರ ಬಿಚ್ಚಿದ ಒಂದು ಆಡು.
ಹಲಗೆ ಹಿಡಿದು ನಿಂತ ರಜ್ಜೋ
'ಓಗ್ಬತ್ತೀನಿ ಮಿಸ್' ಅಂದಳು,
ಉಸಿರು ಎಲ್ಲೂ ತಾಗದ ಹಾಗೆ,
ಪಕ್ಕಾ ನಮ್ಮವ್ವ.

ಫೋನು ಬ್ಯಾಗಿನಲ್ಲೇ ಇತ್ತು.
ಆಚೆ ಬೀದಿಯಲ್ಲಿ ಯಾರದೋ ಕುಕ್ಕರು ಕೂಗಿತು.
ಲಾರಿಯೊಳಗಿಂದ ಸುಖಬೀರ:
'ಕಿಟಕಿ!'