ಬೈತಖೋಲದ ಚಳಿ

ಕಾರವಾರದಲ್ಲಿ ಚಳಿಗಾಲ ಎಲ್ಲಿದೆ ಮಾರಾಯರೇ,
ಬೈತಖೋಲದ ಐಸ್ ಫ್ಯಾಕ್ಟರಿಯೊಳಗೆ ಬಿಟ್ಟರೆ?
ಅಲ್ಲಿಂದ ದಿನಾ ಸಂಜೆ ಅದನ್ನು
ಬೆರಳಲ್ಲಿ ಹೊತ್ತು ತರುತ್ತಾಳೆ ಗುಲಾಬಿ.
ಚಹದ ಲೋಟ ಹಿಡಿದರೂ
ಬಿಸಿ ಗೊತ್ತಾಗುವುದಿಲ್ಲವಂತೆ.

ರೆಮೆದಿ ಬಾಯಿ ಕಲಿಸಿದಳು:
ದಪ್ಪ ಉಣ್ಣೆ, ದಪ್ಪ ಕಡ್ಡಿ,
ಇಪ್ಪತ್ತನಾಲ್ಕು ಕಣ್ಣು, ಎರಡು ಸೀದಾ, ಎರಡು ಉಲ್ಟಾ.
ನಲವತ್ತು ವರ್ಷ ಬಲೆ ಕಟ್ಟಿದ ಕೈ ನನ್ನದು,
ಗಂಟು ಹಾಕದೆ ಮುಂದೆ ಹೋಗಲೊಲ್ಲದು.
‘ಗಂಟಲ್ಲ, ಕುಣಿಕೆ!’ ಎಂದು
ಕಡ್ಡಿಯಿಂದಲೇ ಮೊಣಕೈಗೆ ಕುಟ್ಟಿದಳು.
ಬಲೆಯ ಕಣ್ಣು ಮರಿಮೀನಿಗೆ ದಾರಿ ಬಿಡಬೇಕು,
ಇದರದ್ದು ಯಾರಿಗೂ ಬಿಡಬಾರದು.

ಹೆಬ್ಬೆರಳಿಗೆ ಬೇರೆ ಕೋಣೆ,
ಉಳಿದ ನಾಲ್ಕಕ್ಕೆ ಒಂದೇ ಚಾಪೆ,
ಚಿಕ್ಕಂದಿನಲ್ಲಿ ನಾವು ಮಲಗಿದ ಹಾಗೆ.
ಬಲಗೈಯದು ಬಿಗಿಯಾಯಿತು. ಎಡಗೈಯದು
ಬಂಗಡೆ ಚೀಲದಷ್ಟು ಸಡಿಲ.

ಕೆಲಸಕ್ಕೆ ಹಾಕಿಕೊಂಡು ಹೋಗಲಿಲ್ಲ ಅವಳು.
‘ನೀರು ಕುಡಿಯುತ್ತದೆ, ನಾತ ಹಿಡಿಯುತ್ತದೆ’ ಎಂದಳು.
ನಾನು ಬಲೆಗೆ ಮರಳಿದೆ.

ನಿನ್ನೆ ರಾತ್ರಿ ಏಪ್ರಿಲ್ ಸೆಕೆ, ಕರೆಂಟಿಲ್ಲ.
ಬೀಸಣಿಗೆಗೆ ತಡಕಿದರೆ
ಕೈಗೆ ಸಿಕ್ಕಿದ್ದು ಉಣ್ಣೆ.
ಎಡಗೈಯದರಲ್ಲಿ ಜಾಗವಿತ್ತು, ಬೆರಳು ತೂರಿಸಿದೆ:
ಅವಳದು ಬೆವರಿತ್ತು.